ನನ್ನ ಲಾರಿ ಎಲ್ಲಿ ನಿಲ್ಲಿಸಲಿ? ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಹೆದ್ದಾರಿಯಲ್ಲಿ ಲಾರಿ ಓಡಿಸುವ ಹೆಂಗಸರಿಗೆ ಇಳಿಯಲು, ಸ್ನಾನ ಮಾಡಲು, ಮಲಗಲು ಜಾಗ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನವಳು. ವಯಸ್ಸು 46. ಹತ್ತು ಚಕ್ರದ ಲಾರಿ ಓಡಿಸುತ್ತೇನೆ. ನಮ್ಮ ಕಡೆಯ ಉಂಡೆ ಕೊಬ್ಬರಿಯನ್ನು ದೆಹಲಿಗೆ ಮುಟ್ಟಿಸುತ್ತೇನೆ. ಬರುವಾಗ ರಾಜಸ್ಥಾನದ ಕಿಶನ್‌ಗಢದಲ್ಲಿ ಮಾರ್ಬಲ್ ತುಂಬಿಸಿಕೊಂಡು ಬೆಂಗಳೂರಿಗೆ ಇಳಿಸಿ ಮನೆಗೆ ಬರುತ್ತೇನೆ. ಹೋಗಿ ಬರುವುದಕ್ಕೆ ನಾಲ್ಕು ಸಾವಿರ ಕಿಲೋಮೀಟರಿಗಿಂತ ಜಾಸ್ತಿ. ಈ ಕೆಲಸ ಹಿಡಿದಾಗ ನನಗೆ 42 ವರ್ಷ. ಕಣ್ಣಿಗೆ ಚಾಳೀಸು ಬಂದ ಮೇಲೆ ಸ್ಟೀರಿಂಗ್ ಹಿಡಿದವಳು.

ಮೊದಲೇ ಒಂದು ಮಾತು. ಇದು ಸನ್ಮಾನ ಕೇಳಿ ಬರೆದ ಪತ್ರ ಅಲ್ಲ. ಅದು ಈಗಾಗಲೇ ಆಗಿದೆ. ಒಂದು ಮಹಿಳಾ ದಿನಾಚರಣೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆದು ಕಳಿಸಿದರು. ಶಾಲು ಚೆನ್ನಾಗಿದೆ. ಜನವರಿಯಲ್ಲಿ ಜೈಪುರದ ಹತ್ತಿರ ಚಳಿಗೆ ಅದನ್ನೇ ಹೊದ್ದು ಮಲಗಿದ್ದೆ. ಆದರೆ ಆ ಸಭೆಯಲ್ಲಿ ಮಾತಾಡಿದ ಎಂಟು ಜನರಲ್ಲಿ ಒಬ್ಬರೂ "ದಾರಿಯಲ್ಲಿ ಎಲ್ಲಮ್ಮಾ ಇಳೀತೀಯ?" ಅಂತ ಕೇಳಲಿಲ್ಲ. ಅದನ್ನು ಹೇಳಲು ಈ ಪತ್ರ.

ನಾನು ಹೇಗೆ ಈ ಕೆಲಸಕ್ಕೆ ಬಂದೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಯಾಕಂದರೆ ಅದರಲ್ಲಿ ಸರ್ಕಾರದ ಪಾಲೂ ಇದೆ.

ಹದಿನಾರು ವರ್ಷ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದೆ. ಕಾಲರ್ ಹೊಲಿಯುವ ಲೈನು. 2020ರ ಲಾಕ್‌ಡೌನ್ ಆದ ಮೇಲೆ ನಮ್ಮ ಯೂನಿಟ್ ಮತ್ತೆ ತೆಗೆಯಲೇ ಇಲ್ಲ. ಬೇರೆ ಕಡೆ ಕೇಳಿದರೆ ಮೂವತ್ತೈದರ ಮೇಲಿನವರು ಬೇಡ ಅಂದರು. ಅದೇ ಹೊತ್ತಿಗೆ ನನ್ನ ಅಣ್ಣನ ಕಣ್ಣು ಕೆಟ್ಟಿತು. ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವನು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಲೈಸೆನ್ಸ್ ರಿನ್ಯೂವಲ್‌ಗೆ ಫಾರಂ 1ಎ, ಅಂದರೆ ಆರೋಗ್ಯದ ಸರ್ಟಿಫಿಕೇಟ್, ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋದರೆ ಅವರು ಸಹಿ ಹಾಕಲಿಲ್ಲ. ಹಾಕದೇ ಇದ್ದದ್ದು ಸರಿಯೇ. ಆದರೆ ಲಾರಿ ಮನೆ ಮುಂದೆ ನಿಂತುಬಿಟ್ಟಿತು, ಕಂತು ನಿಲ್ಲಲಿಲ್ಲ. ಬಾಡಿಗೆ ಡ್ರೈವರ್ ಇಟ್ಟರು, ಮೂರು ತಿಂಗಳಿಗೆ ಇಬ್ಬರು ಬಿಟ್ಟು ಹೋದರು. ಒಂದು ಸಂಜೆ ಅತ್ತಿಗೆ ಕಾಫಿ ಕೊಡುತ್ತಾ, "ಟ್ರ್ಯಾಕ್ಟರ್ ಓಡಿಸ್ತೀಯಲ್ಲ, ಇದನ್ನೂ ಓಡಿಸು" ಅಂದರು. ತಮಾಷೆಗೆ ಅಂದಿದ್ದರು. ನಾನು ರಾತ್ರಿ ಪೂರ್ತಿ ಅದನ್ನೇ ಯೋಚನೆ ಮಾಡಿದೆ.

ನಾನು ಓದಿರುವುದು ಏಳನೇ ಕ್ಲಾಸು. ಮೊದಲು ಲಾರಿ, ಬಸ್ಸು ಓಡಿಸಲು ಎಂಟನೇ ಕ್ಲಾಸು ಪಾಸಾಗಿರಬೇಕು ಅಂತ ನಿಯಮ ಇತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. ಆ ಒಂದು ಸಾಲು ಅಳಿಸದೇ ಇದ್ದಿದ್ದರೆ ನಾನು ಇವತ್ತು ಈ ಪತ್ರ ಬರೆಯುತ್ತಿರಲಿಲ್ಲ. ವಿಧಾನಸೌಧದಲ್ಲೋ ದೆಹಲಿಯಲ್ಲೋ ಕೂತು ಬರೆದ ಕಾಗದದಿಂದ ನಮ್ಮಂಥವರ ಬದುಕು ಬದಲಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ನನ್ನದು ಬದಲಾಗಿದೆ. ಅದಕ್ಕೇ ನಿಮಗೆ ಬರೆಯುವ ಧೈರ್ಯ ಬಂದದ್ದು.

2021ರಲ್ಲಿ ಕಾರಿನ ಲೈಸೆನ್ಸ್ ಮಾಡಿಸಿದೆ. ಅದಾಗಿ ಒಂದು ವರ್ಷ ಆಗದೆ ಹೆವಿಗೆ, ಅಂದರೆ ಲಾರಿ ಬಸ್ಸಿನಂಥ ದೊಡ್ಡ ಗಾಡಿಗೆ, ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಕೊಡಲ್ಲ, ಹಾಗಾಗಿ ಕಾದೆ. ಹೆವಿಗೆ ಡ್ರೈವಿಂಗ್ ಸ್ಕೂಲಿನ ಫಾರಂ 5, ಅಂದರೆ ಅಲ್ಲಿ ಕಲಿತ ಸರ್ಟಿಫಿಕೇಟ್, ಬೇಕೇ ಬೇಕು. ಮೂರು ಸ್ಕೂಲು ಅಲೆದೆ. ಒಬ್ಬರು "ನಿಮಗೆ ಯಾಕಮ್ಮಾ ಈ ವಯಸ್ಸಲ್ಲಿ" ಅಂದರು. ಇನ್ನೊಬ್ಬರು ಕಾರಿನ ಫೀಸಿನ ಪಟ್ಟಿ ಕೊಟ್ಟು ಕಳಿಸಿದರು. ಮೂರನೆಯವರು ಒಪ್ಪಿದರು. ಅವರ ಗಾಡಿಯ ಸೀಟು ಮುಂದಕ್ಕೆ ಬರುತ್ತಿರಲಿಲ್ಲ. ನನ್ನ ಕಾಲು ಕ್ಲಚ್ಚನ್ನು ಪೂರ್ತಿ ಒತ್ತುತ್ತಿರಲಿಲ್ಲ. ಅಣ್ಣ ಒಂದು ಗೋಣಿಚೀಲ ನಾಲ್ಕು ಮಡಿಕೆ ಮಡಿಸಿ, ಹಳೇ ಸೀರೆ ಸುತ್ತಿ, ಬೆನ್ನ ಹಿಂದೆ ಕಟ್ಟಿಕೊಟ್ಟ. ಇವತ್ತಿಗೂ ಅದನ್ನೇ ಇಟ್ಟುಕೊಳ್ಳುತ್ತೇನೆ.

ಟೆಸ್ಟ್ ತೆಗೆದುಕೊಂಡ ಇನ್‌ಸ್ಪೆಕ್ಟರ್ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಗಂಡಸರಿಗೆ ಎಷ್ಟು ರಿವರ್ಸ್ ಹಾಕಿಸಿದರೋ ನನಗೂ ಅಷ್ಟೇ ಹಾಕಿಸಿದರು. ಕಡಿಮೆಯೂ ಇಲ್ಲ, ಜಾಸ್ತಿಯೂ ಇಲ್ಲ. ಪಾಸ್ ಅಂತ ಬರೆದು ತಲೆ ಎತ್ತದೆ "ನೆಕ್ಸ್ಟ್" ಅಂದರು. ನನಗೆ ಅವತ್ತು ಆದಷ್ಟು ಖುಷಿ ಶಾಲು ಹೊದಿಸಿದ ದಿನ ಆಗಲಿಲ್ಲ.

ಮೊದಲ ಒಂದೂವರೆ ವರ್ಷ ಅಣ್ಣ ಪಕ್ಕದ ಸೀಟಿನಲ್ಲಿ ಕೂತು ಬಂದ. ರಸ್ತೆ ಅವನಿಗೆ ಮಸುಕು ಮಸುಕು. ಆದರೆ ಕಿವಿ ಇತ್ತಲ್ಲ. ಎಂಜಿನ್ ಸದ್ದು ಕೇಳಿಕೊಂಡೇ ಪಾಠ ಹೇಳುತ್ತಿದ್ದ. "ಅಳ್ತಾ ಐತೆ ಕಣೇ, ಗೇರ್ ಇಳಿಸು." "ಹಾಂ, ಈಗ ಹಾಡ್ತಾ ಐತೆ, ಬಿಡು." ಘಾಟಿಯಲ್ಲಿ ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಇಳಿದರೆ ಡ್ರಮ್ ಕಾದು ಬ್ರೇಕೇ ಹಿಡಿಯಲ್ಲ ಅಂತ ನೂರು ಸಲ ಹೇಳಿರಬೇಕು. ಸಾತಾರಾ ದಾಟಿ ಖಂಬಾಟಕಿ ಹತ್ತಿರ ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ "ಮುಂದೆ ತಿರುವು" ಅನ್ನುತ್ತಿದ್ದ. ಆ ರಸ್ತೆ ಅವನ ಮೈಯಲ್ಲೇ ಇತ್ತು.

ಮಾನ್ಯರೇ, ಆಗಲೇ ನನಗೆ ಮೊದಲ ವಿಷಯ ಗೊತ್ತಾದದ್ದು. ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿದರೆ ಡ್ರೈವರ್ ಕಡೆಯ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಸುತ್ತಿಕೊಂಡು ಎಡಗಡೆ ಹೋಗಿ, ಕಣ್ಣು ಕಾಣದ ನನ್ನ ಅಣ್ಣನನ್ನು "ಪೇಪರ್ ತೋರಿಸಿ" ಅಂತ ಕೇಳುತ್ತಿದ್ದರು. ಅವನು ನನ್ನ ಕಡೆ ಕೈ ತೋರಿಸುತ್ತಿದ್ದ. ನಾನು ಕೊಡುತ್ತಿದ್ದೆ. ಅವರು ನೋಡಿ ಮತ್ತೆ ಅವನ ಕೈಗೇ ವಾಪಸ್ ಕೊಡುತ್ತಿದ್ದರು. ನಾವಿಬ್ಬರೂ ಮುಂದೆ ಹೋಗಿ ನಗುತ್ತಿದ್ದೆವು. ಈಗ ಅಣ್ಣ ಬರುವುದಿಲ್ಲ. ಇಪ್ಪತ್ತೆರಡು ವರ್ಷದ ಕ್ಲೀನರ್ ಹುಡುಗ ಬರುತ್ತಾನೆ. ಈಗ ಅವನನ್ನು ಕೇಳುತ್ತಾರೆ. ಅವನಿಗೆ ಇನ್ನೂ ಕಾರಿನ ಲೈಸೆನ್ಸೂ ಆಗಿಲ್ಲ. ಈಗ ಅಷ್ಟು ನಗು ಬರುವುದಿಲ್ಲ.

ಇನ್ನು ಅಸಲು ವಿಷಯ.

ತಿಪಟೂರಿನಿಂದ ಹುಳಿಯಾರು ಮೇಲೆ ಹಿರಿಯೂರಿಗೆ ಬಂದು 48ನೇ ಹೆದ್ದಾರಿ ಹತ್ತುತ್ತೇನೆ. ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ. ನಮ್ಮ ರಾಜ್ಯದ ಗಡಿ ಮುಟ್ಟುವಷ್ಟರಲ್ಲಿ ಒಂದು ಹಗಲು, ಅರ್ಧ ರಾತ್ರಿ ಕಳೆದಿರುತ್ತದೆ. ರಸ್ತೆ ಚೆನ್ನಾಗಿದೆ. ಲಾರಿಯೂ ಚೆನ್ನಾಗಿ ಓಡುತ್ತದೆ. ನನಗೆ ಓಡಿಸುವುದರಲ್ಲಿ ಕಷ್ಟ ಇಲ್ಲ. ನಿಲ್ಲಿಸಿದಾಗ ಶುರು.

ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಇಡಲೇಬೇಕು ಅಂತ ನಿಯಮ ಇದೆ. ಇರುತ್ತದೆ ಕೂಡ. ಆಫೀಸಿನ ಪಕ್ಕ ಎರಡು ಬಾಗಿಲು, ಒಂದರ ಮೇಲೆ ಹೆಂಗಸಿನ ಚಿತ್ರ. ಬೀಗದ ಕೈ ಮ್ಯಾನೇಜರ್ ಹತ್ತಿರ. ಕಾರು ಬಂದು ನಿಂತು ಅದರಿಂದ ಹೆಂಗಸು ಇಳಿದರೆ ಹುಡುಗ ಓಡಿ ಹೋಗಿ ಬೀಗ ತೆಗೆಯುತ್ತಾನೆ. ನಾನು ಡೀಸೆಲ್ ಪಂಪಿನ ಹತ್ತಿರ ಲಾರಿ ನಿಲ್ಲಿಸಿ, ಅಷ್ಟೆತ್ತರದಿಂದ ಇಳಿದು, ನಡೆದುಕೊಂಡು ಹೋಗಿ ಕೇಳುತ್ತೇನೆ. ಎಷ್ಟೋ ಕಡೆ ಒಂದೇ ಉತ್ತರ: "ಲಾರಿಯವರಿಗೆ ಆ ಕಡೆ." ಆ ಕಡೆ ಅಂದರೆ ಹಿಂದುಗಡೆ, ಟೈರ್ ಪಂಕ್ಚರ್ ಅಂಗಡಿಯ ಪಕ್ಕ, ಬಾಗಿಲಿಲ್ಲದ ಒಂದು ಸಾಲು. ಅಲ್ಲಿ ಹತ್ತು ಹದಿನೈದು ಗಂಡಸರು ನಿಂತಿರುತ್ತಾರೆ. ಕಾರಿನಿಂದ ಇಳಿದರೆ ನಾನು ಲೇಡೀಸು. ಲಾರಿಯಿಂದ ಇಳಿದರೆ ನಾನು ಲಾರಿಯವರು. ಅಲ್ಲಿಗೂ ಸೇರಲ್ಲ, ಇಲ್ಲಿಗೂ ಸೇರಲ್ಲ.

ಒಂದು ಬಂಕಿನಲ್ಲಿ ಜಗಳ ಮಾಡಿ ಬೀಗ ತೆಗೆಸಿದೆ. ಒಳಗೆ ಆಯಿಲ್ ಡಬ್ಬ ಜೋಡಿಸಿದ್ದರು. ನಲ್ಲಿ ತಿರುಗಿಸಿದರೆ ಗಾಳಿ ಬಂತು.

ಢಾಬಾದಲ್ಲಿ ಊಟಕ್ಕೆ ತೊಂದರೆ ಇಲ್ಲ. ಸ್ನಾನಕ್ಕೆ? ಅಂಗಳದಲ್ಲೊಂದು ಸಿಮೆಂಟಿನ ತೊಟ್ಟಿ, ಪಕ್ಕದಲ್ಲಿ ನಾಲ್ಕು ಮಗ್ಗು. ಗಂಡಸರು ಚಡ್ಡಿಯಲ್ಲಿ ನಿಂತು ಸುರಿದುಕೊಳ್ಳುತ್ತಾರೆ. ಅದು ಅವರಿಗಾಗಿ ಮಾಡಿದ ಜಾಗ, ಅವರ ತಪ್ಪೇನೂ ಇಲ್ಲ. ನಾನು ಬಕೆಟ್ಟಿನಲ್ಲಿ ನೀರು ಹೊತ್ತು ಲಾರಿಯ ಹಿಂದೆ ಹೋಗುತ್ತೇನೆ. ಎರಡು ಲಾರಿಗಳ ನಡುವೆ ಟಾರ್ಪಾಲ್ ಕಟ್ಟಿ ಮರೆ ಮಾಡಿಕೊಳ್ಳುತ್ತೇನೆ. ಹಗ್ಗ ಕಟ್ಟಲು ಗುರುತಿಲ್ಲದ ಡ್ರೈವರುಗಳು ಎಷ್ಟೋ ಸಲ ಬಂದು ಕೈ ಕೊಟ್ಟಿದ್ದಾರೆ, ಕಟ್ಟಿ ಮುಗಿದ ಕೂಡಲೇ ತಾವಾಗಿಯೇ ದೂರ ಹೋಗಿದ್ದಾರೆ. ಲಾರಿ ಡ್ರೈವರುಗಳ ಬಗ್ಗೆ ಊರಲ್ಲಿ ಆಡುವ ಮಾತು ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ದಾವಣಗೆರೆ ಹತ್ತಿರ ಒಂದು ಢಾಬಾದಲ್ಲಿ ಮಾಲೀಕರ ತಾಯಿ ತಮ್ಮ ಮನೆಯ ಬಚ್ಚಲಿಗೇ ಕರೆದುಕೊಂಡು ಹೋಗುತ್ತಾರೆ. ಹಂಡೆಯಲ್ಲಿ ಬಿಸಿನೀರು ಇರುತ್ತದೆ. ಬೆನ್ನು ಉಜ್ಜಲಾ ಅಂತಲೂ ಕೇಳುತ್ತಾರೆ. ಆ ಒಂದು ಬಚ್ಚಲಿನ ಮೇಲೆ ನನ್ನ ಇಡೀ ಟ್ರಿಪ್ಪಿನ ಲೆಕ್ಕ ನಿಂತಿದೆ. ಆ ಅಜ್ಜಿಗೆ ಎಪ್ಪತ್ತು ದಾಟಿದೆ. ಮುಂದೆ?

ಮೊದಲ ವರ್ಷ ನಾನು ಕಂಡುಕೊಂಡ ಉಪಾಯ ನೀರು ಕುಡಿಯದೇ ಇರುವುದು. ಎರಡು ಲೀಟರ್ ಬಾಟಲಿ ಹಿರಿಯೂರಿನಲ್ಲಿ ತುಂಬಿಸಿದ್ದು ಹುಬ್ಬಳ್ಳಿಯಲ್ಲೂ ಹಾಗೇ ಇರುತ್ತಿತ್ತು. ಹಳೇ ಗಾಡಿಯ ಕ್ಯಾಬಿನ್ ಎಂಜಿನ್ ಶಾಖಕ್ಕೆ ಒಲೆ ಇದ್ದಂಗೆ. ಬಾಟಲಿಯ ನೀರು ಕಾಫಿ ಮಾಡುವಷ್ಟು ಬಿಸಿಯಾಗುತ್ತಿತ್ತು. ತುಟಿ ಒಡೆಯುತ್ತಿತ್ತು. ಒಂದು ಗುಟುಕು ಬಾಯಿಗೆ ಹಾಕಿ ಮುಕ್ಕಳಿಸಿ ಉಗಿಯುತ್ತಿದ್ದೆ. ಎಂಟು ತಿಂಗಳಿಗೆ ಉರಿಮೂತ್ರ ಶುರುವಾಯಿತು. ಆಮೇಲೆ ಚಳಿಜ್ವರ, ಸೊಂಟದ ಹಿಂದೆ ನೋವು. ಡಾಕ್ಟರಮ್ಮ ಬೈದರು. ದಿನಕ್ಕೆ ಮೂರು ಲೀಟರ್ ಕುಡೀಬೇಕು ಅಂದರು. "ಕುಡೀತೀನಿ ಮೇಡಂ, ಇಳಿಯೋಕೆ ಜಾಗ ಬರೆದು ಕೊಡಿ" ಅಂದೆ. ಅವರು ಬರೆದ ಮಾತ್ರೆಯನ್ನಷ್ಟೇ ತೆಗೆದುಕೊಂಡು ಬಂದೆ.

ಮುಟ್ಟಿನ ದಿನಗಳ ಬಗ್ಗೆ ಬರೆಯಲಾ ಬೇಡವಾ ಅಂತ ಯೋಚಿಸಿದೆ. ಬರೆಯುತ್ತೇನೆ. ನನಗೆ ಈಗ ನಿಲ್ಲುವ ವಯಸ್ಸು. ಯಾವಾಗ ಬರುತ್ತದೆ, ಎಷ್ಟು ಹೋಗುತ್ತದೆ ಅಂತ ಲೆಕ್ಕವೇ ಇರುವುದಿಲ್ಲ. ಇದ್ದಕ್ಕಿದ್ದಂತೆ ಮೈ ಬೆಂಕಿಯಾಗಿ ಬೆವರುತ್ತದೆ. ಗಾರ್ಮೆಂಟ್ಸಿನಲ್ಲಿ ಪಕ್ಕದ ಮೆಷಿನ್ನಿನವಳಿಗೆ ಹೇಳಿ ಎದ್ದು ಹೋಗಬಹುದಿತ್ತು, ಸೂಪರ್‌ವೈಸರ್ ಬೈದರೂ. ಇಲ್ಲಿ ಮುಂದಿನ ಬೀಗ ಹಾಕಿದ ಬಾಗಿಲಿಗೆ ಇನ್ನೂ 60 ಕಿಲೋಮೀಟರ್ ಇರುತ್ತದೆ.

ಮಲಗುವ ವಿಷಯ ಇನ್ನೊಂದು ಥರ. ಡ್ರೈವರುಗಳಿಗೆ ಅಂತ ಕೆಲವು ಬಂಕುಗಳಲ್ಲಿ ಈಗ ಡಾರ್ಮಿಟರಿ ಮಾಡಿದ್ದಾರೆ. ಒಳ್ಳೆಯ ಕೆಲಸ. ಅಂಥ ಒಂದು ಕಡೆ ಹಾಸಿಗೆ ಕೇಳಿದೆ. ದೊಡ್ಡ ಹಾಲು, ಸಾಲಾಗಿ ಮಂಚ, ಎಲ್ಲರೂ ಗಂಡಸರು. "ನಿಮ್ಮನ್ನ ಎಲ್ಲಿ ಮಲಗಿಸಲಿ ಅಮ್ಮಾ" ಅಂತ ಅಲ್ಲಿ ನೋಡಿಕೊಳ್ಳುವವನೇ ತಲೆ ಕೆರೆದುಕೊಂಡ. ನಾನು ಲಾರಿಗೇ ವಾಪಸ್ ಬಂದೆ. ಕ್ಯಾಬಿನ್ನಿನಲ್ಲಿ ನಾನು ಮಲಗಿದರೆ ಹುಡುಗ ಕೊಬ್ಬರಿ ಚೀಲಗಳ ಮೇಲೆ ಟಾರ್ಪಾಲಿನ ಕೆಳಗೆ ಮಲಗುತ್ತಾನೆ. ಮಳೆ ಬಂದರೆ ಗಾಡಿಯ ಅಡಿಯಲ್ಲಿ.

ಹಾಗೆ ಮಲಗಿದ್ದ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಯಾವ ಊರು ಅಂತ ಬರೆಯುವುದಿಲ್ಲ. ಹೊತ್ತು ಎರಡೂವರೆ ಇರಬೇಕು. ಬಾಗಿಲಿಗೆ ಲಾಠಿಯ ಬಡಿತ. ಕಿಟಕಿ ಇಳಿಸಿದರೆ ಮುಖಕ್ಕೆ ಟಾರ್ಚು. ಗಸ್ತಿನವರು. ಅಷ್ಟರಲ್ಲಿ ಹುಡುಗ ಇಳಿದು ಬಂದಿದ್ದ. ಅವನನ್ನು ಕೇಳಿದರು, "ಎಲ್ಲಿ ಹತ್ತಿಸ್ಕೊಂಡೆ ಇವಳನ್ನ?" ಹುಡುಗ, "ಅಕ್ಕನೇ ಡ್ರೈವರ್ ಸಾರ್" ಅಂದ. ನಕ್ಕರು. ನಾನು ಲೈಸೆನ್ಸ್ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ, ಟಾರ್ಚಿನ ಬೆಳಕಿಗೆ ಹಿಡಿದು, "ಡೂಪ್ಲಿಕೇಟ್ ಇರಬೇಕು" ಅಂದರು. ಆಮೇಲೆ, "ಡ್ರೈವರ್ ಅಲ್ವಾ, ಓಡಿಸಿ ತೋರಿಸು" ಅಂದರು. ತಲೆ ಕೆದರಿತ್ತು. ಚಪ್ಪಲಿ ಸಿಗಲಿಲ್ಲ. ಬರಿಗಾಲಿನಲ್ಲೇ ಸ್ಟಾರ್ಟ್ ಮಾಡಿ, ಏರ್ ಪ್ರೆಶರ್ ತುಂಬುವವರೆಗೆ ಕಾದು, ಹ್ಯಾಂಡ್ ಬ್ರೇಕ್ ಬಿಟ್ಟು, ಹತ್ತು ಮೀಟರ್ ಮುಂದೆ, ಹತ್ತು ಮೀಟರ್ ಹಿಂದೆ ಓಡಿಸಿ ತೋರಿಸಿದೆ. ಲೈಸೆನ್ಸನ್ನು ಹುಡುಗನ ಕೈಗೆ ಕೊಟ್ಟು ಹೋದರು.

ಒಂದು ಮಾತೂ ಆಡಲಿಲ್ಲ. ತಪ್ಪಾಯಿತು ಅಂತಲೂ ಇಲ್ಲ, ಮಲಗಿ ಅಂತಲೂ ಇಲ್ಲ. ಬೆಳಿಗ್ಗೆವರೆಗೂ ನನಗೆ ನಿದ್ದೆ ಬರಲಿಲ್ಲ. ನಿದ್ದೆಗೆಟ್ಟು ಮಾರನೇ ದಿನ ಓಡಿಸಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಲೋಡ್ ಕಾಯುವುದಿಲ್ಲವಲ್ಲ.

ಲೋಡಿನ ಲೆಕ್ಕ ನಿಮಗೆ ಗೊತ್ತೇ ಇದೆ. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿಯ ಇ-ವೇ ಬಿಲ್ಲಿನಲ್ಲಿ 200 ಕಿಲೋಮೀಟರಿಗೆ ಒಂದು ದಿನ ಅಂತ ಅವಧಿ ಕೊಡುತ್ತಾರೆ. ಕೊಬ್ಬರಿ ಚೀಲ ಯಾವ ದಿನ ಎಲ್ಲಿರಬಹುದು ಅಂತ ಸರ್ಕಾರ ಲೆಕ್ಕ ಹಾಕಿದೆ. ಅದನ್ನು ಒಯ್ಯುವವಳು ಆ ರಾತ್ರಿ ಎಲ್ಲಿರಬಹುದು ಅಂತ ಯಾರೂ ಲೆಕ್ಕ ಹಾಕಿಲ್ಲ. ಹಾಕಿಯೇ ಇಲ್ಲ ಅಂದರೆ ತಪ್ಪಾಗುತ್ತದೆ. ನನ್ನ ಮಗಳು ನರ್ಸಿಂಗ್ ಓದುತ್ತಾಳೆ, ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ, ಐದು ಜನಕ್ಕಿಂತ ಕಡಿಮೆ ಇಲ್ಲದ ಸಂಸ್ಥೆಗಳಲ್ಲಿ, ಕೆಲಸಗಾರರು ರಾತ್ರಿ ತಂಗಬೇಕಾದ ಕಡೆ ವಿಶ್ರಾಂತಿ ಕೋಣೆ ಇರಬೇಕು ಅಂತ ಬರೆದಿತ್ತಂತೆ. ದಿನಕ್ಕೆ ಎಂಟು ಗಂಟೆ ಕೆಲಸ ಅಂತಲೂ ಇತ್ತಂತೆ. ಈಗ ಅದು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ನಾನು ಹುಟ್ಟುವುದಕ್ಕೂ ಮೊದಲೇ ಬರೆದಿಟ್ಟ ಕೋಣೆ ಅದು. ಎಂಟು ಗಂಟೆಯ ಮಾತು ಕೇಳಿ ಅಣ್ಣ ಎಷ್ಟು ನಕ್ಕನೆಂದರೆ ಕೆಮ್ಮು ಬಂತು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಗಿದೆ. ತುಂಬಾ ಒಳ್ಳೆಯದಾಯಿತು, ಸುಮ್ನೆ ಹೇಳುತ್ತಿಲ್ಲ. ಡ್ರೈವರಿಗೂ ಸೆಕೆ ಆಗುತ್ತದೆ ಅಂತ ಯಾರಿಗೋ ಹೊಳೆಯಿತಲ್ಲ. ಕೂತಿರುವಾಗಿನ ಕಷ್ಟ ಹೊಳೆದಿದ್ದು, ಇಳಿದ ಮೇಲಿನ ಕಷ್ಟವೂ ಹೊಳೆಯಲಿ ಅಂತ ಕೇಳುತ್ತಿದ್ದೇನೆ.

ಇದು ಬಹಿರಂಗ ಪತ್ರ ಆದ್ದರಿಂದ ನಮ್ಮ ಜಿಲ್ಲೆಯ ಲಾರಿ ಮಾಲೀಕರೂ ಓದಬಹುದು. ಅವರಿಗೂ ಎರಡು ಮಾತು.

ಮಾಲೀಕರೇ, 2024ರಲ್ಲಿ ನಾವು ಅಣ್ಣನ ಲಾರಿ ಮಾರಿ ಸಾಲ ತೀರಿಸಿದೆವು. ಆಮೇಲೆ ನಾನು ಕೆಲಸ ಕೇಳಿಕೊಂಡು ತುಮಕೂರು, ತಿಪಟೂರಿನ ಟ್ರಾನ್ಸ್‌ಪೋರ್ಟ್ ಆಫೀಸುಗಳಿಗೆ ಬಂದೆ. ಒಂದೂವರೆ ವರ್ಷದ ದೆಹಲಿ ಲೈನಿನ ಅನುಭವ ಇತ್ತು. ಒಂದು ಆಕ್ಸಿಡೆಂಟ್ ಇಲ್ಲ. ಒಬ್ಬರು ಅರ್ಧ ಬಾಟಾ (ದಾರಿ ಖರ್ಚಿನ ಭತ್ಯೆ) ಕೊಡುತ್ತೇನೆ ಅಂದರು, ರಾತ್ರಿ ಓಡಿಸಲ್ಲ ಅಲ್ವಾ ಅಂತ ಅವರೇ ತೀರ್ಮಾನ ಮಾಡಿಕೊಂಡು. ಇನ್ನೊಬ್ಬರು ಮನೆಯವರು ಬಂದು ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಲಿ ಅಂದರು. ನಮ್ಮ ಮನೆಯವರು ತೆಂಗಿನಕಾಯಿ ಸುಲಿಯುವ ಕೆಲಸದವರು. ಕೆಲಸ ಬಿಟ್ಟು ಬಂದರು. ಕಾಗದ ನೋಡಿ, "ನಂಗೆ ಸೈಕಲ್ ಬಿಟ್ರೆ ಬೇರೇನೂ ಓಡಿಸೋಕೆ ಬರಲ್ಲ ಸಾರ್. ಲಾರಿ ವಿಷಯಕ್ಕೆ ನಾನೇನು ಸೈನ್ ಹಾಕ್ಲಿ?" ಅಂದರು. ಆ ಕೆಲಸ ಸಿಗಲಿಲ್ಲ. ಸಿಗದಿದ್ದರೂ ಪರವಾಗಿಲ್ಲ ಅನ್ನಿಸಿತು. ಕೊನೆಗೆ ಒಬ್ಬರು "ಒಂದು ಟ್ರಿಪ್ ನೋಡೋಣ" ಅಂದರು. ಆ ಒಂದು ಟ್ರಿಪ್ ಇನ್ನೂ ಮುಗಿದಿಲ್ಲ, ಅವರ ಹತ್ತಿರವೇ ಇದ್ದೇನೆ. ಎಲ್ಲರಿಗೂ ಕೊಡುವಷ್ಟೇ ಕೊಡುತ್ತಾರೆ.

ಭೋಪಾಲದ ಯೋಗಿತಾ ರಘುವಂಶಿ ಅನ್ನುವವರ ಹೆಸರು ನೀವು ಕೇಳಿರಬಹುದು. ವಕೀಲಿಕೆ ಓದಿದವರು. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಲು ಲಾರಿ ಹಿಡಿದು, ದೇಶದ ಉದ್ದಕ್ಕೂ ಓಡಿಸಿದವರು. ಹೆಂಗಸು ಲಾರಿ ಓಡಿಸುತ್ತಾಳಾ ಅನ್ನುವ ಪ್ರಶ್ನೆಗೆ ಅವರು ಉತ್ತರ ಕೊಟ್ಟು ಎಷ್ಟೋ ವರ್ಷ ಆಯಿತು. ಮತ್ತೆ ಮತ್ತೆ ನಮ್ಮನ್ನೇ ಯಾಕೆ ಕೇಳುತ್ತೀರಿ? ಡ್ರೈವರ್ ಸಿಗುತ್ತಿಲ್ಲ, ಗಾಡಿ ನಿಂತಿದೆ ಅಂತ ನೀವೇ ಟೀ ಅಂಗಡಿಯಲ್ಲಿ ಕೂತು ಗೋಳಾಡುವುದನ್ನು ನಾನೇ ಕೇಳಿದ್ದೇನೆ.

ಮತ್ತೆ ಸಚಿವರಿಗೆ.

ನೀವು 2023ರ ಜೂನ್ 11ರಂದು ಶಕ್ತಿ ಯೋಜನೆ ಶುರು ಮಾಡಿದಿರಿ. ನನ್ನ ಮಗಳು, ಅತ್ತಿಗೆ ಎಲ್ಲರೂ ಅದರಲ್ಲೇ ಓಡಾಡುತ್ತಾರೆ. ನಾನೂ ಟ್ರಿಪ್ ಮುಗಿಸಿ ಬೆಂಗಳೂರಿನಲ್ಲಿ ಲಾರಿ ಬಿಟ್ಟರೆ ಬಸ್ಸಿನಲ್ಲೇ ಊರಿಗೆ ಬರುತ್ತೇನೆ. ಹೆಂಗಸರು ರಸ್ತೆಗೆ ಬರಬೇಕು ಅನ್ನುವುದು ನಿಮ್ಮ ಆಸೆ ಅಂತ ಅದರಿಂದ ತಿಳಿದುಕೊಂಡಿದ್ದೇನೆ. ಸೀಟಿನಲ್ಲಿ ಕೂತು ಬರುವವರಿಗೆ ಮಾಡಿದಿರಿ, ಸ್ಟೀರಿಂಗ್ ಹಿಡಿದು ಬರುವವರಿಗೂ ಸ್ವಲ್ಪ ಮಾಡಿ.

ಎಲ್ಲವೂ ನಿಮ್ಮ ಖಾತೆಗೆ ಬರುವುದಿಲ್ಲ ಅಂತ ಗೊತ್ತು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ಬಂಕುಗಳು ತೈಲ ಕಂಪನಿಗಳದ್ದು, ಮಂಡಿ ಎಪಿಎಂಸಿಯದ್ದು. ಆದರೆ ಡಿ. ದೇವರಾಜ ಅರಸು ಟ್ರಕ್ ಟರ್ಮಿನಲ್ಸ್ ನಿಗಮ ನಿಮ್ಮ ಇಲಾಖೆಯದೇ. ಶುರುವಿಗೆ ಅಲ್ಲಿ ಮಾಡಿ. ಲಾರಿ ನಿಲ್ಲುವ ಪ್ರತಿ ಟರ್ಮಿನಲ್ಲಿನಲ್ಲಿ ಹೆಂಗಸು ಡ್ರೈವರಿಗೆ ಒಂದು ಕೋಣೆ, ಒಂದು ಬಚ್ಚಲು ಬೇಕು. ದೊಡ್ಡದು ಬೇಡ. ಒಳಗಿನಿಂದ ಚಿಲಕ ಇರಲಿ, ಬೀಗದ ಕೈ ಕೇಳಿದ ಕೂಡಲೇ ಸಿಗಲಿ, ನಲ್ಲಿಯಲ್ಲಿ ನೀರು ಬರಲಿ. ಹೆದ್ದಾರಿ ಪ್ರಾಧಿಕಾರಕ್ಕೂ ತೈಲ ಕಂಪನಿಗಳಿಗೂ ನೀವು ಒಂದು ಪತ್ರ ಬರೆದರೆ ನನ್ನ ಪತ್ರಕ್ಕಿಂತ ಬೇಗ ಓದುತ್ತಾರೆ. ಅದರಲ್ಲಿ ಒಂದೇ ಸಾಲು ಸಾಕು: ಹೆಂಗಸರ ಶೌಚಾಲಯ ಲಾರಿಯಿಂದ ಇಳಿದ ಹೆಂಗಸಿಗೂ ಸೇರಿದ್ದು.

ಹೆವಿ ಕಲಿಯುವುದಕ್ಕೆ ಕೆಎಸ್‌ಆರ್‌ಟಿಸಿ ತರಬೇತಿ ಕೇಂದ್ರಗಳಲ್ಲಿ ಹೆಂಗಸರಿಗೆ ಬ್ಯಾಚ್ ಮಾಡಿ. ವಯಸ್ಸಿನ ಮಿತಿ ಹಾಕಬೇಡಿ, ಇದನ್ನು ಒತ್ತಿ ಹೇಳುತ್ತಿದ್ದೇನೆ. ಯಾವ ಯೋಜನೆಯ ಅರ್ಜಿ ತೆಗೆದರೂ ಮೂವತ್ತೈದಕ್ಕೋ ನಲವತ್ತಕ್ಕೋ ಗೆರೆ ಎಳೆದಿರುತ್ತಾರೆ. ನಮ್ಮ ಕಡೆ ಹೆಂಗಸಿಗೆ ತನ್ನ ಕೆಲಸ ಅಂತ ಯೋಚಿಸಲು ಬಿಡುವು ಸಿಗುವುದೇ ನಲವತ್ತರ ಮೇಲೆ. ಮಕ್ಕಳು ದೊಡ್ಡವರಾಗಿರುತ್ತಾರೆ, ಅತ್ತೆ ಮಾವನ ಸೇವೆ ಮುಗಿದಿರುತ್ತದೆ. ಕೈಯಲ್ಲಿ ಇನ್ನೂ ಇಪ್ಪತ್ತು ವರ್ಷ ಇರುತ್ತದೆ. ಕಣ್ಣು, ಬಿಪಿ, ಶುಗರ್ ಸರಿ ಇದೆಯಾ ಅಂತ ಡಾಕ್ಟರ್ ನೋಡಲಿ, ಹುಟ್ಟಿದ ವರ್ಷ ನೋಡಬೇಡಿ.

ಗೃಹ ಇಲಾಖೆಯವರ ಜೊತೆ ಮಾತಾಡಿ ಗಸ್ತಿನವರಿಗೆ ಒಂದು ಸುತ್ತೋಲೆ ಕೊಡಿಸಿ. ರಾತ್ರಿ ಲಾರಿಯಲ್ಲಿ ಹೆಂಗಸು ಕಂಡರೆ ಮೊದಲು ಲೈಸೆನ್ಸ್ ಕೇಳಲಿ. ಅನುಮಾನ ಇದ್ದರೆ ಮೊಬೈಲಿನಲ್ಲೇ ನಂಬರ್ ಹಾಕಿ ನೋಡಬಹುದಲ್ಲ, ಬರಿಗಾಲಿನಲ್ಲಿ ಓಡಿಸಿ ತೋರಿಸಬೇಕಾಗಿಲ್ಲ. ನೋಡಿದ ಮೇಲೆ ಲೈಸೆನ್ಸನ್ನು ಯಾರದೋ ಅವರ ಕೈಗೇ ಕೊಡಲಿ.

ಇನ್ನೊಂದು ಇದೆ, ಇದಕ್ಕೆ ದುಡ್ಡೂ ಬೇಡ. ಲೈಸೆನ್ಸಿನ ವಿವರ ಎಲ್ಲ ಸರ್ಕಾರದ ಸಾರಥಿ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಇದೆ. ಕರ್ನಾಟಕದಲ್ಲಿ ಹೆವಿ ಲೈಸೆನ್ಸ್ ಇರುವ ಹೆಂಗಸರು ಎಷ್ಟು ಜನ, ಯಾವ ಜಿಲ್ಲೆಯಲ್ಲಿ ಎಷ್ಟು ಅಂತ ಪ್ರಕಟ ಮಾಡಿ. ಬಂಕಿನಲ್ಲಿ ಕೇಳಿದರೆ "ನೀವೊಬ್ಬರೇ ಬರೋದು, ನಿಮಗೋಸ್ಕರ ಕಟ್ಟಿಸೋಕೆ ಆಗುತ್ತಾ" ಅನ್ನುತ್ತಾರೆ. ಕಟ್ಟಿಸಿಲ್ಲ ಅಂತ ನಾವು ಬರುವುದಿಲ್ಲ, ನಾವು ಬರುವುದಿಲ್ಲ ಅಂತ ಅವರು ಕಟ್ಟಿಸುವುದಿಲ್ಲ. ನಾನೊಬ್ಬಳೇ ಅಂತ ನನಗೆ ನಂಬಿಕೆ ಇಲ್ಲ. ಪುಣೆ ಆಚೆ ಒಂದು ಸಲ ಎದುರಿನಿಂದ ಬಂದ ಕಂಟೇನರ್ ಲಾರಿಯಲ್ಲಿ ಜಡೆ ಹಾಕಿದ ಒಬ್ಬಳನ್ನು ನೋಡಿದೆ. ಇಬ್ಬರೂ ಒಟ್ಟಿಗೇ ಹಾರ್ನ್ ಹೊಡೆದೆವು. ಅಷ್ಟರಲ್ಲಿ ದಾಟಿ ಹೋಗಿಯಾಗಿತ್ತು.

ಕೊನೆಗೆ ಒಂದು ಬೇಡಿಕೆ, ಸಣ್ಣದು. ನಿಮ್ಮ ಇಲಾಖೆಯಿಂದ ಒಬ್ಬ ಹೆಣ್ಣು ಅಧಿಕಾರಿಯನ್ನು ನನ್ನ ಜೊತೆ ಒಂದು ಸಲ ಕಳಿಸಿ. ದೆಹಲಿವರೆಗೆ ಬೇಡ, ತಿಪಟೂರಿನಿಂದ ನಿಪ್ಪಾಣಿವರೆಗೆ ಸಾಕು. ಸರಕಿನ ಗಾಡಿಯಲ್ಲಿ ಹೊರಗಿನವರನ್ನು ಹತ್ತಿಸಬಾರದು ಅಂತ ನಿಯಮ ಇದೆ, ಅದಕ್ಕೆ ಅನುಮತಿ ನೀವೇ ಕೊಡಬೇಕಾಗುತ್ತದೆ. ಸಂಜೆ ಎಪಿಎಂಸಿ ಯಾರ್ಡಿನಲ್ಲಿ ಲೋಡ್ ಆಗುತ್ತದೆ, ಟಾರ್ಪಾಲ್ ಕಟ್ಟಿ ಹೊರಡುವಷ್ಟರಲ್ಲಿ ಒಂಬತ್ತು ಗಂಟೆ. ಊಟ ಮನೆಯಿಂದ ತರುತ್ತೇನೆ, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವರು ಬರುವಾಗ ಎರಡು ಲೀಟರ್ ನೀರಿನ ಬಾಟಲಿ ತರಲಿ. ಡಾಕ್ಟರ್ ಹೇಳಿದಷ್ಟು ಕುಡಿಯುತ್ತಾ ಬರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲಾರಿ ಡ್ರೈವರ್,
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ